ಜಿಂಕೆ ಬೇಟೆಗೆ ಯಾವ ಕ್ಯಾಲಿಬರ್ ಒಳ್ಳೆಯದು? (ಅಮೆರಿಕಾದಲ್ಲಿರುವ ಅಳಿಯನಿಗೆ, ನನಗಲ್ಲ!)

ಆನೆಗೊಂದಿ ಮಾಮ · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಯಾರೂ ಬೇಟೆಗೆ ಹೋಗುತ್ತಿಲ್ಲ. ಅರಣ್ಯ ಇಲಾಖೆಯವರು ಓದುತ್ತಿದ್ದರೆ ಗಾಬರಿ ಬೇಡ.

ನಮ್ಮ ಅಕ್ಕನ ಮಗ ಅಮೆರಿಕಾದ ವಿಸ್ಕಾನ್ಸಿನ್‌ನಲ್ಲಿ ಕೆಲಸ ಮಾಡುತ್ತಾನೆ. ಹೋಗಿ ಎರಡು ವರ್ಷ ಆಯಿತು. ಅವನ ಆಫೀಸಿನ ಗೆಳೆಯನ ತಂದೆಗೆ ಅಲ್ಲಿ ದೊಡ್ಡ ಜಮೀನಿದೆ. ಅರ್ಧ ಮೆಕ್ಕೆಜೋಳ, ಅರ್ಧ ಕಾಡು. ಪ್ರತಿ ನವೆಂಬರ್‌ನಲ್ಲಿ ಮನೆಮಂದಿಯೆಲ್ಲ ಜಿಂಕೆ ಬೇಟೆಗೆ ಕೂರುತ್ತಾರಂತೆ. ಈ ಸಲ ಇವನನ್ನೂ ಕರೆದಿದ್ದಾರೆ.

ನಿನ್ನೆ ಫೋನ್ ಮಾಡಿ, "ಮಾಮಾ, ಅಜ್ಜನ ಬಂದೂಕು ಇತ್ತಲ್ಲ, ನಿನಗೆ ಗೊತ್ತಿರುತ್ತೆ. ಯಾವ ಕ್ಯಾಲಿಬರ್ ತಗೊಳ್ಳಲಿ?" ಅಂದ. ಕ್ಯಾಲಿಬರ್ ಅಂದರೆ ಗುಂಡಿನ ಅಳತೆಯಂತೆ. ನನಗೆ ಗೊತ್ತಿರುವುದು ಅಪ್ಪನ ಹನ್ನೆರಡು ಬೋರಿನ ಡಬಲ್ ಬ್ಯಾರಲ್ ಒಂದೇ. ಅದನ್ನೂ ಅಪ್ಪ ಹಂದಿ ಓಡಿಸಲು ಆಕಾಶಕ್ಕೆ ಹಾರಿಸಿದ್ದು ನೋಡಿದ್ದೇನೆ, ಅಷ್ಟೇ. ಅವನು ಕಳಿಸಿದ ಪಟ್ಟಿ ಹೀಗಿದೆ: .243, .270, .308, 30-06, 30-30, 6.5 ಕ್ರೀಡ್‌ಮೂರ್. ನೋಡಿದರೆ ಓಸಿ (ಮಟ್ಕಾ) ನಂಬರ್ ಬರೆದ ಚೀಟಿ ಇದ್ದ ಹಾಗಿದೆ.

ಹುಡುಗ ಐದು ಅಡಿ ಐದು ಇಂಚು, 60 ಕಿಲೋ. ಕಾಲೇಜಿನಲ್ಲಿ ಎನ್‌ಸಿಸಿ .22 ಬಿಟ್ಟರೆ ಬೇರೆ ಮುಟ್ಟಿಲ್ಲ. ತಿಳಿದವರು ಹೇಳಿ.

ಮಾನ್ವಿ ಎಕ್ಸ್‌ಪ್ರೆಸ್ · 9:46

6.5 ಕ್ರೀಡ್‌ಮೂರ್. ಚರ್ಚೆ ಮುಗಿಯಿತು, ಎಲ್ಲರೂ ಮಲಗಿ.

ಮಾಜಿ ಹವಾಲ್ದಾರ್ ಕುಷ್ಟಗಿ · 9:58

ಮಾನ್ವಿ ತಮ್ಮಾ, ಯೂಟ್ಯೂಬ್ ನೋಡಿ ಬಂದಿರಾ? ನೀವು ಒಂದಾದರೂ ಗುಂಡು ಹಾರಿಸಿದ್ದೀರಾ?

ಮಾಮ ಅವರೇ, ಕಣ್ಣು ಮುಚ್ಚಿ .308 ತಗೊಳ್ಳಲು ಹೇಳಿ. ನಾನು ಹದಿನೇಳು ವರ್ಷ ಸೇವೆ ಮಾಡಿದವನು. ನಮ್ಮ ಸೈನ್ಯದ ಹಳೇ ರೈಫಲ್ ಎಸ್‌ಎಲ್‌ಆರ್‌ನ 7.62 ಮಿಲಿಮೀಟರ್ ಗುಂಡನ್ನೇ ನಾಗರಿಕರಿಗೆ ಅಂತ ಮಾಡಿ .308 ಎಂದು ಹೆಸರಿಟ್ಟರು. ಆಮೇಲೆ ಇನ್ಸಾಸ್ ಬಂತು, 5.56. ಹಗುರ, ಹೊರಲು ಸುಖ. ಆದರೆ ಎಸ್‌ಎಲ್‌ಆರ್ ಹಿಡಿದವನಿಗೆ ಅದು ಪಿಚಕಾರಿ ಹಿಡಿದ ಹಾಗೆ. ಜಿಂಕೆ ಅಂದರೆ ಅಲ್ಲಿ ನೂರು ಕಿಲೋ ತೂಗುವ ಪ್ರಾಣಿ. ಒಂದೇ ಏಟಿಗೆ ಬೀಳಬೇಕು. ಗಾಯ ಮಾಡಿ ಓಡಿಸುವುದು ಪಾಪದ ಕೆಲಸ.

ಸಿಂಧನೂರು ಮೇಷ್ಟ್ರು · 10:15

ಹವಾಲ್ದಾರ್ ಸಾಹೇಬರ ಅನುಭವಕ್ಕೆ ನಮಸ್ಕಾರ. ಒಂದು ಸಣ್ಣ ತಿದ್ದುಪಡಿ. .308 ವಿಂಚೆಸ್ಟರ್ ಅಂಗಡಿಗೆ ಬಂದದ್ದು 1952ರಲ್ಲಿ. ನೇಟೋ ದೇಶಗಳು 7.62 ಅನ್ನು ಒಪ್ಪಿಕೊಂಡಿದ್ದು 1954ರಲ್ಲಿ. ಅಂದರೆ ಬೇಟೆಗಾರನ ಕೈಗೆ ಮೊದಲು ಬಂತು.

ಮಾಮ ಅವರ ಓಸಿ ಚೀಟಿ ಬಿಡಿಸುತ್ತೇನೆ. ಈ ಅಂಕಿಗಳಿಗೆ ಒಂದೇ ನಿಯಮ ಇಲ್ಲ, ಅದೇ ತಲೆನೋವು. .243, .308 ಅಂದರೆ ಗುಂಡಿನ ಅಡ್ಡಳತೆ, ಇಂಚಿನಲ್ಲಿ. .308 ಇಂಚು ಅಂದರೆ 7.8 ಮಿಲಿಮೀಟರ್, ಹೆಚ್ಚುಕಡಿಮೆ ಪೆನ್ಸಿಲ್ ದಪ್ಪ. .270 ಹೆಸರಿಗೆ ಮಾತ್ರ, ಗುಂಡು ನಿಜವಾಗಿ .277 ಇಂಚು. 30-06 ಅಂದರೆ .30 ಕ್ಯಾಲಿಬರ್, ಅಮೆರಿಕಾ ಸೈನ್ಯ ಅದನ್ನು ಒಪ್ಪಿಕೊಂಡ ವರ್ಷ 1906. ಅವರು "ಥರ್ಟಿ ಆಟ್ ಸಿಕ್ಸ್" ಅನ್ನುತ್ತಾರೆ. 30-30ರಲ್ಲಿ ಎರಡನೇ 30 ಅಂದರೆ ಮೊದಲಿಗೆ ತುಂಬುತ್ತಿದ್ದ ಮದ್ದಿನ ತೂಕ, 30 ಗ್ರೇನ್. 6.5 ಮಾತ್ರ ಮಿಲಿಮೀಟರ್ ಲೆಕ್ಕ. ಒಂದೇ ತರಗತಿಯಲ್ಲಿ ಆರು ಜನ ಆರು ಪುಸ್ತಕ ಹಿಡಿದು ಕೂತ ಹಾಗೆ.

ಇನ್ನೊಂದು ಮಾತು. .308ರ ತೋಟಾ ಕೋಶದ ಬಾಯಿಯನ್ನೇ ಕಿರಿದು ಮಾಡಿ ಸಣ್ಣ ಗುಂಡು ಕೂರಿಸಿದರೆ .243. ಅದು 1955ರದ್ದು. ಹಾಗಾಗಿ .243 ಮತ್ತು .308 ಅಣ್ಣತಮ್ಮ. ತಮ್ಮ ಸಣ್ಣವನು, ಆದರೆ ಓಟದಲ್ಲಿ ಅಣ್ಣನಿಗಿಂತ ಮುಂದೆ.

ಮಾಜಿ ಹವಾಲ್ದಾರ್ ಕುಷ್ಟಗಿ · 10:19

ಆಯ್ತು ಮೇಷ್ಟ್ರೇ, ಎರಡು ವರ್ಷ ಮಾಫಿ ಮಾಡಿ.

ಲಿಂಗಸುಗೂರು ಅಕ್ಕ · 10:24

ಅಣ್ಣಾ, ನಿಮ್ಮ ಅಳಿಯ ಕಾರ್ತಿಕ ಮಾಸದಲ್ಲಿ ಬೇಟೆಗೆ ಹೋಗುತ್ತಾನಾ? ಅಕ್ಕನಿಗೆ ಗೊತ್ತಾ?

ಆನೆಗೊಂದಿ ಮಾಮ · 10:27

ಅಕ್ಕನಿಗೆ "ಗೆಳೆಯನ ತೋಟಕ್ಕೆ ಊಟಕ್ಕೆ ಹೋಗ್ತಾನೆ" ಅಂತ ಹೇಳಿದ್ದೇವೆ. ದಯವಿಟ್ಟು ಯಾರೂ ಹಂಚಬೇಡಿ.

ಕುಕನೂರು ಹೊಲ · 10:41

ನೀವು ಅಮೆರಿಕಾದ ಜಿಂಕೆಗೆ ಗುಂಡು ಹುಡುಕುತ್ತಿದ್ದೀರಿ. ನನ್ನ ನಾಲ್ಕೆಕರೆ ಹೆಸರು ಬೆಳೆಯನ್ನು ಚಿಗರಿ ಮೇಯ್ದು ಬೋಳು ಮಾಡಿವೆ, ಅದಕ್ಕೊಂದು ಕ್ಯಾಲಿಬರ್ ಹೇಳಿ.

ಎರಡೆಲೆ ಬಿಟ್ಟಾಗ ಬಂದವು. ಒಂದು ಹಿಂಡಿಗೆ ನಲವತ್ತು, ಐವತ್ತು. ಬೆಳಗಿನ ಜಾವ ಹೋದರೆ ಬದುವಿನ ಮೇಲೆ ಆ ಕರಿ ಹೋರಿ, ತಿರುಚಿದ ಕೊಂಬು ಎತ್ತಿ, ಹೊಲ ಅದರ ಅಪ್ಪಂದು ಅನ್ನುವ ಹಾಗೆ ನಿಂತಿರುತ್ತದೆ. ಹಳೇ ಸೀರೆ ಕಟ್ಟಿದೆ. ಮೊದಲ ವಾರ ಹೆದರಿದವು, ಎರಡನೇ ವಾರ ಸೀರೆ ಮೇಲೆಯೇ ಜಿಗಿದವು. ಪಟಾಕಿ ಹಾರಿಸಿದೆ. ಈಗ ಪಟಾಕಿ ಸದ್ದಾದರೆ ಪಕ್ಕದ ಹೊಲಕ್ಕೆ ಹೋಗಿ, ಪಕ್ಕದವನು ಹಾರಿಸಿದರೆ ನನ್ನ ಹೊಲಕ್ಕೆ ಬರುತ್ತವೆ. ನಾವಿಬ್ಬರೂ ರಾತ್ರಿಯೆಲ್ಲ ಚಿಗರಿಗೆ ವಾಲಿಬಾಲ್ ಆಡಿಸಿದ ಹಾಗಾಯಿತು.

ಬಳ್ಳಾರಿ ಕರಿಕೋಟು · 10:55

ಕುಕನೂರು ಅಣ್ಣಾ, ಕಷ್ಟ ಅರ್ಥ ಆಗುತ್ತದೆ. ಆದರೆ ಕ್ಯಾಲಿಬರ್ ಮಾತು ತಮಾಷೆಗೂ ಬೇಡ. ಚಿಗರಿ, ಅಂದರೆ ಕೃಷ್ಣಮೃಗ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಹುಲಿಗಿರುವ ರಕ್ಷಣೆಯೇ ಅದಕ್ಕೂ. ಕೊಂದರೆ ಕನಿಷ್ಠ 3 ವರ್ಷ, 7 ವರ್ಷದವರೆಗೂ ಜೈಲು. ಜೋಧಪುರದ 1998ರ ಕೇಸು ಗೊತ್ತಲ್ಲ, ಇಪ್ಪತ್ತು ವರ್ಷ ಆದ ಮೇಲೆ 2018ರಲ್ಲಿ ದೊಡ್ಡ ನಟನಿಗೇ ಕೆಳಗಿನ ಕೋರ್ಟು 5 ವರ್ಷ ಹಾಕಿತು.

ಕಾಯ್ದೆಯ 11ನೇ ಕಲಮಿನಲ್ಲಿ ಬೆಳೆ ಹಾಳು ಮಾಡುವ ಪ್ರಾಣಿಯ ಬಗ್ಗೆ ಅವಕಾಶ ಇದೆ. ಅದು ಮೊದಲ ಅನುಸೂಚಿಯ ಪ್ರಾಣಿಗೆ ಅನ್ವಯಿಸುವುದಿಲ್ಲ. ಆ ಪ್ರಾಣಿ ಮನುಷ್ಯನ ಜೀವಕ್ಕೆ ಅಪಾಯ ಆಗಿರಬೇಕು, ಇಲ್ಲವೇ ವಾಸಿಯಾಗದಷ್ಟು ಗಾಯವೋ ರೋಗವೋ ಆಗಿರಬೇಕು. ಹೆಸರು ಮೇಯ್ದದ್ದು ಸಾಲದು. ಉಳಿದಿರುವುದು ಬೆಳೆ ಪರಿಹಾರ. ಅರಣ್ಯ ಇಲಾಖೆಯ ಇ-ಪರಿಹಾರದಲ್ಲಿ ಅರ್ಜಿ ಹಾಕಿ, ಹೊಲದ ಫೋಟೋ ಅವತ್ತೇ ತೆಗೆಯಿರಿ. ತಂತಿಗೆ ಕರೆಂಟ್ ಮಾತ್ರ ಕೊಡಬೇಡಿ. ಮೊದಲು ಸಾಯುವುದು ನಮ್ಮ ಮನೆಯ ಎತ್ತು, ಇಲ್ಲ ನೀರು ಬಿಡಲು ಹೋದ ಹುಡುಗ.

ಕುಕನೂರು ಹೊಲ · 11:02

ಅರ್ಜಿ ಹಾಕಿದ್ದೇನೆ ವಕೀಲರೇ. ಬರುವ ದುಡ್ಡು ಬೀಜಕ್ಕೂ ಸಾಲುವುದಿಲ್ಲ. ಅದೂ ಬಂದಾಗ ಬಂತು. ಇರಲಿ, ನಿಮ್ಮ ಅಮೆರಿಕಾ ಮುಂದುವರಿಸಿ.

ಮಿಲ್ವಾಕಿ ರಾಯಚೂರಿನವ · ಮಂಗಳವಾರ ಬೆಳಗ್ಗೆ 6:10

ನಾನು ಹದಿಮೂರು ವರ್ಷದಿಂದ ಇದೇ ವಿಸ್ಕಾನ್ಸಿನ್‌ನಲ್ಲಿದ್ದೇನೆ. ಇಲ್ಲಿ ಈಗ ಸಂಜೆ. ಎಲ್ಲರೂ ಕ್ಯಾಲಿಬರ್‌ಗೆ ಕಿತ್ತಾಡುತ್ತಿದ್ದೀರಿ, ಮುಖ್ಯ ಪ್ರಶ್ನೆ ಯಾರೂ ಕೇಳಿಲ್ಲ. ಅಳಿಯ ಯಾವ ವೀಸಾದಲ್ಲಿದ್ದಾನೆ?

ಎಚ್1ಬಿ ಆಗಿದ್ದರೆ ಎಚ್ಚರ. ಅಮೆರಿಕಾದ ಕೇಂದ್ರ ಕಾನೂನಿನ ಪ್ರಕಾರ ವಲಸೆಯೇತರ ವೀಸಾದಲ್ಲಿರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಕೆಲವು ವಿನಾಯಿತಿ ಇವೆ. ಅದರಲ್ಲಿ ಒಂದು, ಅಲ್ಲಿನ ಯಾವುದಾದರೂ ರಾಜ್ಯ ಕೊಟ್ಟ ಬೇಟೆ ಲೈಸೆನ್ಸ್ ಕೈಯಲ್ಲಿರುವುದು. ಆದ್ದರಿಂದ ಮೊದಲು ಲೈಸೆನ್ಸ್, ಆಮೇಲೆ ರೇಂಜು (ಗುರಿ ಅಭ್ಯಾಸದ ಜಾಗ), ಆಮೇಲೆ ಬಂದೂಕು. ಗೆಳೆಯನ ಅಪ್ಪ "ಬಾ, ಸುಮ್ನೆ ಎರಡು ಹಾರಿಸಿ ನೋಡು" ಅಂತ ಕೈಗೆ ಕೊಟ್ಟರೂ ಮುಟ್ಟಬಾರದು. ಅವರಿಗೆ ಈ ನಿಯಮ ಗೊತ್ತೇ ಇರುವುದಿಲ್ಲ, ಅವರೆಲ್ಲ ಹುಟ್ಟಿದ್ದೇ ಇಲ್ಲಿ. ಗ್ರೀನ್ ಕಾರ್ಡ್ ಇದ್ದರೆ ಈ ತೊಡಕಿಲ್ಲ.

ಲೈಸೆನ್ಸಿಗೆ ಬೇಟೆ ಸುರಕ್ಷತೆಯ ಕೋರ್ಸು ಮುಗಿಸಬೇಕು. 1973ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರಿಗೆಲ್ಲ ಇದೆ. ನಾನು ಹೋದಾಗ ನನ್ನ ಪಕ್ಕದಲ್ಲಿ ಹನ್ನೆರಡು ವರ್ಷದ ಹುಡುಗಿ ಕೂತಿದ್ದಳು. ಪರೀಕ್ಷೆಯಲ್ಲಿ ನನಗಿಂತ ಜಾಸ್ತಿ ಮಾರ್ಕ್ಸ್ ತೆಗೆದಳು.

ಬಂದೂಕಿನ ಸೀಸನ್ ಒಂಬತ್ತೇ ದಿನ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಶುರು. ಸೊಂಟದ ಮೇಲಿನ ಬಟ್ಟೆ ಕನಿಷ್ಠ ಅರ್ಧ ಭಾಗ ಕಣ್ಣು ಕುಕ್ಕುವ ಕಿತ್ತಳೆ ಅಥವಾ ಗುಲಾಬಿ ಇರಬೇಕು. ಜಿಂಕೆಗೆ ಆ ಕಿತ್ತಳೆ ನಮಗೆ ಕಂಡ ಹಾಗೆ ಎದ್ದು ಕಾಣುವುದಿಲ್ಲ, ಮನುಷ್ಯನಿಗೆ ಕಾಣುತ್ತದೆ. ಅದೇ ಬೇಕಾದದ್ದು.

ಈಗ ಕ್ಯಾಲಿಬರ್. ಇಲ್ಲಿನ ಕಾಡಿನಲ್ಲಿ ನೂರು ಗಜದಾಚೆ ಕಾಣುವುದೇ ಕಡಿಮೆ. ನಾನು ಮೊದಲ ವರ್ಷ ಗೆಳೆಯನ 30-06 ತಗೊಂಡು ಹೋದೆ. ರೇಂಜಿನಲ್ಲಿ ಮೊದಲ ಗುಂಡಿಗೇ ಸ್ಕೋಪು ಹುಬ್ಬಿಗೆ ಬಡಿದು ಅರ್ಧಚಂದ್ರದ ಗಾಯ ಆಯಿತು. ಕಣ್ಣನ್ನು ಸ್ಕೋಪಿಗೆ ತೀರಾ ಹತ್ತಿರ ಇಟ್ಟಿದ್ದೆ. ಆಮೇಲೆ ಪ್ರತಿ ಗುಂಡಿಗೂ ಟ್ರಿಗರ್ ಒತ್ತುವ ಮೊದಲೇ ಕಣ್ಣು ಮುಚ್ಚುತ್ತಿದ್ದೆ. ಆ ವರ್ಷ ಅರವತ್ತು ಗಜದಲ್ಲಿ ನಿಂತಿದ್ದ ಜಿಂಕೆಯನ್ನು ಬಿಟ್ಟು ಪಕ್ಕದ ಮರಕ್ಕೆ ಹೊಡೆದೆ. ಮರ ಸಾಯಲಿಲ್ಲ.

ಮುಂದಿನ ವರ್ಷ ಲೀವರ್ ಎಳೆಯುವ ಹಳೇ 30-30 ಕೊಂಡೆ. ಆವತ್ತಿನಿಂದ ಇವತ್ತಿನವರೆಗೆ ಅದೇ.

ಆನೆಗೊಂದಿ ಮಾಮ · 7:05

ಸರ್, ನಿಮ್ಮ ಕೈ ಮುಗಿಯಬೇಕು. ಎಚ್1ಬಿಯೇ. ಈಗಲೇ ಅವನಿಗೆ ಕಳಿಸುತ್ತೇನೆ. ಬರುವ ಶನಿವಾರ ರೇಂಜಿಗೆ ಹೋಗುವವನಿದ್ದ!

ಮಾನ್ವಿ ಎಕ್ಸ್‌ಪ್ರೆಸ್ · 7:30

30-30 ಅಂದರೆ 1895ರ ತೋಟಾ ಸರ್. ನಿಮ್ಮ ಫೋನು ಯಾವ ವರ್ಷದ್ದು? ಸುತ್ತಿ ಡಯಲ್ ಮಾಡುವುದಾ?

ಗಂಭೀರವಾಗಿ ಹೇಳುತ್ತೇನೆ, ಹವಾಲ್ದಾರ್ ಕಾಕಾ ನಗಬೇಡಿ. ನಾನು ಹಾರಿಸಿಲ್ಲ, ನಿಜ. ಓದಿದ್ದೇನೆ. 6.5ರ ಗುಂಡು ಉದ್ದ, ಸಪೂರ. ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ವೇಗ ಬೇಗ ಇಳಿಯುವುದಿಲ್ಲ, ಅಡ್ಡಗಾಳಿಗೆ ಜಾಸ್ತಿ ಸರಿಯುವುದಿಲ್ಲ. ಹೆಗಲಿಗೆ ಒದೆ .308ಗಿಂತ ಕಡಿಮೆ. 2007ರಲ್ಲಿ ಬಂದು ಹದಿನೈದು ವರ್ಷದೊಳಗೆ ಎಲ್ಲ ಕಡೆ ಹಬ್ಬಿತು ಅಂದರೆ ಸುಮ್ನೆ ಅಲ್ಲ ತಾನೇ?

ಮಿಲ್ವಾಕಿ ರಾಯಚೂರಿನವ · 7:44

ಒಳ್ಳೆಯ ತೋಟಾನೇ. ಆದರೆ ನೀವು ಹೇಳುವ ಗಾಳಿ, ವೇಗ ಎಲ್ಲ ಲೆಕ್ಕಕ್ಕೆ ಬರುವುದು ಮುನ್ನೂರು ಗಜ ದಾಟಿದ ಮೇಲೆ. ಟೆಕ್ಸಾಸಿನ ಬಯಲಿನಲ್ಲಿ, ವಯೋಮಿಂಗ್‌ನಲ್ಲಿ ಬೇಕಾಗಬಹುದು. ಇವನು ಕೂರುವುದು ಮರದ ಮೇಲಿನ ಅಟ್ಟಣಿಗೆಯಲ್ಲಿ, ಕೆಳಗೆ ಎಪ್ಪತ್ತು ಗಜ ಕಾಡುದಾರಿ. ಗಂಗಾವತಿಯಿಂದ ಆನೆಗೊಂದಿಗೆ ಹೋಗಲು ವಂದೇ ಭಾರತ್ ಯಾಕೆ?

ಅಂದ ಹಾಗೆ ಲೀವರ್ ಬಂದೂಕಿನಲ್ಲಿ ತೋಟಾಗಳು ನಳಿಕೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೆ ಒಂದು ಮಲಗಿರುತ್ತವೆ. ಅದಕ್ಕೇ 30-30ಗೆ ಮೂತಿ ಚಪ್ಪಟೆಯಾದ ಗುಂಡು. ಚೂಪು ಮೂತಿ ಇದ್ದರೆ ಒಂದರ ತುದಿ ಮುಂದಿನದರ ಪ್ರೈಮರ್‌ಗೆ, ಅಂದರೆ ಮದ್ದಿಗೆ ಕಿಡಿ ಹೊತ್ತಿಸುವ ಬಿಲ್ಲೆಗೆ, ಗುದ್ದಿ ಕೊಳವೆಯಲ್ಲೇ ಸಿಡಿಯಬಹುದು. ಹಳೇ ಬಂದೂಕು ಕಡ ತಂದರೆ ಇದನ್ನು ನೆನಪಿಡಲು ಹೇಳಿ.

ತೋರಣಗಲ್ ಗುರಿ · 8:20

ನಾನು ಬೇಟೆಯವನಲ್ಲ. ಹತ್ತು ಮೀಟರ್ ಏರ್ ರೈಫಲ್, ಆಮೇಲೆ .22ರಲ್ಲಿ ಐವತ್ತು ಮೀಟರ್ ಮಾಡಿದ್ದೇನೆ. ಒಂದೇ ಮಾತು. ಒದೆಗೆ ಹೆದರಿದವನು ಗುರಿ ತಪ್ಪುತ್ತಾನೆ, ಕ್ಯಾಲಿಬರ್ ಯಾವುದೇ ಇರಲಿ. 60 ಕಿಲೋ ಹುಡುಗ, ಎನ್‌ಸಿಸಿ .22 ಮಾತ್ರ ಅಭ್ಯಾಸ. .22ಗೆ ಒದೆಯೇ ಇಲ್ಲ. ಅಲ್ಲಿಂದ ನೇರ .308ಗೆ ಹಾರಿದರೆ ಮಿಲ್ವಾಕಿ ಸರ್ ಹುಬ್ಬಿನ ಕಥೆಯೇ. .243 ಕೊಡಿಸಿ.

ಮಾಜಿ ಹವಾಲ್ದಾರ್ ಕುಷ್ಟಗಿ · 8:35

ಒದೆ ಅಂತ ಹೆದರಿಸಬೇಡಿ. ನಮ್ಮ ಬೆಟಾಲಿಯನ್‌ನಲ್ಲಿ 52 ಕಿಲೋ ಹುಡುಗರು ಎಸ್‌ಎಲ್‌ಆರ್ ಹಾರಿಸುತ್ತಿದ್ದರು. ಯಾರೂ ಅಳಲಿಲ್ಲ.

ಸಿಂಧನೂರು ಮೇಷ್ಟ್ರು · 8:52

ಎಸ್‌ಎಲ್‌ಆರ್ ನಾಲ್ಕು ಕಿಲೋ ದಾಟುವ ಬಂದೂಕು ಸಾಹೇಬರೇ, ಅದರ ಮೇಲೆ ಗ್ಯಾಸಿನಿಂದ ನಡೆಯುವ ಯಂತ್ರ. ಒದೆಯನ್ನು ಇವೆರಡೂ ಒಂದಿಷ್ಟು ನುಂಗುತ್ತವೆ. ಪ್ರತಿ ಗುಂಡಿಗೂ ಕೈಯಿಂದ ಎಳೆಯುವ ಬೇಟೆಯ ಬೋಲ್ಟ್ ರೈಫಲ್ ಮೂರು ಕಿಲೋ ಆಸುಪಾಸು. ತೋಟಾ ಅದೇ, ಆದರೆ ಹೆಗಲಿಗೆ ಬೀಳುವುದು ಬೇರೆ.

ಲೆಕ್ಕ ಕೊಡುತ್ತೇನೆ. ಗುಂಡಿನ ತೂಕ ಗ್ರೇನ್‌ನಲ್ಲಿ ಹೇಳುತ್ತಾರೆ. 7000 ಗ್ರೇನ್ ಒಂದು ಪೌಂಡ್. 100 ಗ್ರೇನ್ ಅಂದರೆ ಆರೂವರೆ ಗ್ರಾಂ. ನಳಿಕೆ ಬಿಡುವಾಗ ಗುಂಡಿನ ಶಕ್ತಿ, ಸಾಮಾನ್ಯ ತೋಟಾಗಳಲ್ಲಿ, ಸುಮಾರು ಹೀಗೆ. ಎನ್‌ಸಿಸಿ .22 ಬರೀ 160 ಜೂಲ್ ಆಸುಪಾಸು. 100 ಗ್ರೇನಿನ .243 ಸುಮಾರು 2600. 140 ಗ್ರೇನಿನ 6.5 ಕ್ರೀಡ್‌ಮೂರ್ 3000ದ ಮೇಲೆ ಸ್ವಲ್ಪ. 150 ಗ್ರೇನಿನ .308 ಸುಮಾರು 3600, ಅದೇ ತೂಕದ 30-06 ಸುಮಾರು 3800. ಅಂದರೆ ಹುಡುಗ ಕಾಲೇಜಿನಲ್ಲಿ ಹಾರಿಸಿದ್ದಕ್ಕಿಂತ .308 ಇಪ್ಪತ್ತು ಪಟ್ಟು ಮೀರುತ್ತದೆ. ಒಂದೇ ತೂಕದ ಬಂದೂಕಿನಲ್ಲಿ .243ರ ಒದೆ .308ರ ಒದೆಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಗುಂಡಿನ ಶಕ್ತಿ ಮಾತ್ರ ಮುಕ್ಕಾಲು ಭಾಗ ಉಳಿದಿದೆ. ಈ ವ್ಯಾಪಾರ ನನಗೆ ಲಾಭದ್ದೇ ಅನಿಸುತ್ತದೆ.

ಮಾಜಿ ಹವಾಲ್ದಾರ್ ಕುಷ್ಟಗಿ · 9:15

ಮೇಷ್ಟ್ರು ಹೇಳಿದ ಮೇಲೆ ಮುಗಿಯಿತು. ಆದರೆ .243ರಲ್ಲಿ ತಪ್ಪಿಗೆ ಜಾಗ ಕಡಿಮೆ. ಮುಂಗಾಲಿನ ಹಿಂದೆ, ಎದೆಗೂಡಿಗೇ ಹೋಗಬೇಕು. ಜಿಂಕೆ ಪಕ್ಕಕ್ಕೆ ತಿರುಗಿ ನಿಲ್ಲುವವರೆಗೆ ತಡೆಯಬೇಕು. ಎದುರಿಗೆ ಮುಖ ಮಾಡಿದ್ದರೆ ಹಾರಿಸಬಾರದು, ಓಡುತ್ತಿದ್ದರೆ ಹಾರಿಸಲೇಬಾರದು. ಇದನ್ನು ಒಪ್ಪಿದರೆ .243ಗೆ ನನ್ನದೂ ಸಹಿ.

ಇನ್ನೊಂದು. ಗುಂಡಿನ ಜಾತಿ ನೋಡಿ ಕೊಳ್ಳಲಿ. ನಮ್ಮ ಸೈನ್ಯದ ಗುಂಡು ಪೂರ್ತಿ ತಾಮ್ರದ ಕವಚದ್ದು, ಒಳಗೆ ಹೊಕ್ಕು ಹಾಗೇ ಹೊರಗೆ ಹೋಗುತ್ತದೆ. ಬೇಟೆಗೆ ಮೂತಿಯಲ್ಲಿ ಕವಚ ಬಿಟ್ಟ ಸಾಫ್ಟ್ ಪಾಯಿಂಟ್ ಬೇಕು. ಒಳಗೆ ಹೋದ ಮೇಲೆ ಅಣಬೆ ಹಾಗೆ ಅರಳುತ್ತದೆ, ಪ್ರಾಣಿ ಬೇಗ ಬೀಳುತ್ತದೆ. ತಮಾಷೆ ಏನು ಗೊತ್ತಾ? ಈ ಅರಳುವ ಗುಂಡಿಗೆ ಹೆಸರು ಕೊಟ್ಟ ಊರು ನಮ್ಮದೇ. ಕಲ್ಕತ್ತಾ ಹತ್ತಿರದ ದಮ್ ದಮ್. ಅಲ್ಲಿ ಬ್ರಿಟಿಷರ ಕಾರ್ಖಾನೆಯಲ್ಲಿ ತ್ರೀ ನಾಟ್ ತ್ರೀ (.303) ರೈಫಲ್ಲಿಗೆ ಇಂಥ ಗುಂಡು ಮಾಡುತ್ತಿದ್ದರು. 1899ರ ಹೇಗ್ ಸಮ್ಮೇಳನದಲ್ಲಿ ಯುದ್ಧಕ್ಕೆ ಬೇಡ ಅಂತ ಘೋಷಿಸಿದರು. ಮನುಷ್ಯನ ಮೇಲೆ ಹಾರಿಸಬಾರದ್ದು ಜಿಂಕೆಗೆ ಹಾರಿಸಲೇಬೇಕು. ಅಮೆರಿಕಾದ ಹಲವು ರಾಜ್ಯಗಳಲ್ಲಿ ಪೂರ್ತಿ ಕವಚದ ಗುಂಡಿನಲ್ಲಿ ಜಿಂಕೆ ಹೊಡೆಯುವುದೇ ಅಪರಾಧ.

ಲಿಂಗಸುಗೂರು ಅಕ್ಕ · 9:40

ಅರಳಿದ ಗುಂಡಿನ ಸೀಸದ ಚೂರು ಮಾಂಸದಲ್ಲಿ ಉಳಿಯುತ್ತಂತಲ್ಲ? ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈನಿಂದ ಬೇಟೆಗೆ ಸೀಸದ ಗುಂಡೇ ಬಂದ್ ಮಾಡಿದ್ದಾರೆ. ತಿನ್ನುವುದಾದರೆ ಪೂರ್ತಿ ತಾಮ್ರದ ಗುಂಡು ತಗೊಳ್ಳಲು ಹೇಳಿ ಅಣ್ಣಾ. ಅರಳುವಂಥದ್ದೇ ತಾಮ್ರದಲ್ಲೂ ಸಿಗುತ್ತದೆ.

ಮಿಲ್ವಾಕಿ ರಾಯಚೂರಿನವ · 9:52

ಅಕ್ಕ ಹೇಳಿದ್ದು ಸರಿ. ಗಾಯದ ಸುತ್ತಲಿನ ಮಾಂಸ ಧಾರಾಳವಾಗಿ ಕತ್ತರಿಸಿ ಬಿಸಾಕಬೇಕು. ಇಲ್ಲಿ ಇನ್ನೊಂದು ತಲೆನೋವೂ ಇದೆ, ಜಿಂಕೆಗಳಿಗೆ ಸಣಕಲಾಗಿ ಸಾಯುವ ಮೆದುಳಿನ ರೋಗ. ವಿಸ್ಕಾನ್ಸಿನ್‌ನಲ್ಲಿ 2002ರಲ್ಲಿ ಕಂಡಿತು. ತಲೆಯ ಸ್ಯಾಂಪಲ್ ಕೊಟ್ಟರೆ ಪರೀಕ್ಷೆ ಮಾಡುತ್ತಾರೆ. ಫಲಿತಾಂಶ ಬರುವವರೆಗೆ ನಾನು ಫ್ರೀಜರ್ ತೆಗೆಯುವುದಿಲ್ಲ.

ಸಂಡೂರು ಕಾಡು · 11:30

ಎಲ್ಲರೂ ಗುಂಡಿನಲ್ಲೇ ಮುಳುಗಿದ್ದೀರಿ. ಒಂದೆರಡು ಮಾತು.

ಕುಕನೂರಿನ ಚಿಗರಿ ಜಿಂಕೆಯೇ ಅಲ್ಲ. ಅದು ಹುಲ್ಲೆ ಜಾತಿ. ಚಿಗರಿಯ ಕೊಂಬು ಬೀಳುವುದಿಲ್ಲ, ಜೀವ ಇರುವವರೆಗೂ ಅದೇ ಕೊಂಬು. ಅಮೆರಿಕಾದ ಬಿಳಿಬಾಲದ ಜಿಂಕೆ, ನಮ್ಮ ಚುಕ್ಕೆ ಜಿಂಕೆ ಇವು ನಿಜವಾದ ಜಿಂಕೆಗಳು. ಕವಲು ಕೊಂಬು ಬಿದ್ದು ಮತ್ತೆ ಹುಟ್ಟುತ್ತದೆ.

ಅಲ್ಲಿ ಬೇಟೆ ಯಾಕೆ ಬಿಟ್ಟಿದ್ದಾರೆ ಅಂದರೆ, 1900ರ ಹೊತ್ತಿಗೆ ಅಲ್ಲೂ ಬಿಳಿಬಾಲ ಕೆಲವೇ ಲಕ್ಷಕ್ಕೆ ಇಳಿದಿತ್ತು. ಸಂತೆಗೆ ಮಾಂಸ ಮಾರಲು ಹೊಡೆದು ಹೊಡೆದು ಮುಗಿಸಿದ್ದರು. ಆಮೇಲೆ ಮಾರುವುದನ್ನು ನಿಲ್ಲಿಸಿ, ಸೀಸನ್ ಕಟ್ಟಿ, ಲೈಸೆನ್ಸ್ ತಂದರು. 1937ರ ಕಾಯ್ದೆಯಿಂದ ರೈಫಲ್ಲು, ತೋಟಾಗಳ ಮೇಲಿನ 11 ಶೇಕಡಾ ತೆರಿಗೆ ಕಾಡಿಗೇ ಹೋಗುತ್ತದೆ. ಈಗ ಕೋಟಿಗಟ್ಟಲೆ ಇವೆ. ತೋಳವನ್ನು ಬಹುಪಾಲು ಕಡೆ ಅವರೇ ಮುಗಿಸಿದ್ದರಿಂದ ಈಗ ತೋಳದ ಕೆಲಸವನ್ನು ಮನುಷ್ಯ ಮಾಡುತ್ತಿದ್ದಾನೆ. ಅಲ್ಲಿನ ಲೆಕ್ಕ ಅಲ್ಲಿಗೆ. ಅದನ್ನು ಇಲ್ಲಿಗೆ ತಂದು "ನಮಗೂ ಬೇಟೆ ಬಿಡಿ" ಅನ್ನುವವರಿಗೆ ನನ್ನ ಬೆಂಬಲ ಇಲ್ಲ.

ನಮ್ಮ ಸಂಡೂರಿನ ರಾಜಮನೆತನದ ಎಂ.ವೈ. ಘೋರ್ಪಡೆ ಅವರು ಕಾಡಿಗೆ ಕ್ಯಾಮೆರಾ ಹಿಡಿದು ಹೋದವರು. ಕಪ್ಪುಬಿಳುಪಿನಲ್ಲಿ ತೆಗೆದ ವನ್ಯಜೀವಿ ಫೋಟೋಗಳಿಗೆ ಹೆಸರಾದರು. ಅಳಿಯನಿಗೆ ಹೇಳಿ, 300 ಮಿಲಿಮೀಟರ್ ಕ್ಯಾಲಿಬರ್‌ನ ಲೆನ್ಸ್ ಸಿಗುತ್ತದೆ.

ಕುಕನೂರು ಹೊಲ · 11:48

ಜಿಂಕೆಯೋ ಹುಲ್ಲೆಯೋ, ಹೆಸರು ತಿಂದದ್ದು ನಿಜ ಸ್ವಾಮಿ. ನೀವು ಫೋಟೋ ತೆಗೆಯಲು ಬನ್ನಿ, ಬೆಳಗ್ಗೆ ಐದಕ್ಕೆ ನನ್ನ ಹೊಲಕ್ಕೇ ಬನ್ನಿ. ಚಹಾ ನನ್ನದು. ನೀವು ನಿಂತಷ್ಟು ಹೊತ್ತಾದರೂ ಅವು ದೂರ ಇರುತ್ತವೆ.

ಮಾನ್ವಿ ಎಕ್ಸ್‌ಪ್ರೆಸ್ · 12:10

ನಮ್ಮ ಜಿಲ್ಲೆಯ ಮಸ್ಕಿ ಶಾಸನದಲ್ಲೇ ಅಶೋಕ ಜಿಂಕೆ ಕೊಲ್ಲಬೇಡಿ ಅಂತ ಬರೆಸಿದ್ದಾನೆ. ನೆನಪಿರಲಿ.

ಸಿಂಧನೂರು ಮೇಷ್ಟ್ರು · 12:25

ಮಸ್ಕಿಯದು ಕಿರು ಶಾಸನ. ಅದರ ಹೆಗ್ಗಳಿಕೆ "ಅಶೋಕ" ಅನ್ನುವ ಹೆಸರು. 1915ರಲ್ಲಿ ಸಿಕ್ಕಾಗ, ದೇವಾನಾಂಪ್ರಿಯ ಅಂದರೆ ಅಶೋಕನೇ ಅಂತ ಗಟ್ಟಿಯಾಯಿತು. ಜಿಂಕೆ ಬರುವುದು ಗಿರ್ನಾರ್ ಕಡೆಯ ದೊಡ್ಡ ಶಾಸನಗಳಲ್ಲಿ, ಮೊದಲನೆಯದರಲ್ಲಿ. ಅದೂ ಪೂರ್ತಿ ನಿಷೇಧ ಅಲ್ಲ. ಅರಮನೆ ಅಡುಗೆಗೆ ದಿನಕ್ಕೆ ಎರಡು ನವಿಲು, ಒಂದು ಜಿಂಕೆ ಮಾತ್ರ ಕೊಲ್ಲುತ್ತಿದ್ದಾರೆ, ಜಿಂಕೆಯೂ ದಿನಾ ಅಲ್ಲ, ಮುಂದೆ ಇವನ್ನೂ ಕೊಲ್ಲುವುದಿಲ್ಲ ಅಂತ.

ಬೇಟೆಯ ಚಿತ್ರ ಬೇಕಿದ್ದರೆ ಹಂಪಿಯ ಮಹಾನವಮಿ ದಿಬ್ಬದ ಗೋಡೆ ನೋಡಿ. ಅಲ್ಲಿ ಕ್ಯಾಲಿಬರ್ ಚರ್ಚೆ ಇಲ್ಲ, ಬಿಲ್ಲು, ಈಟಿ.

ತೋರಣಗಲ್ ಗುರಿ · 12:40

ಒಂದು ಕುತೂಹಲ. ನಮ್ಮಲ್ಲಿ ಲೈಸೆನ್ಸ್ ಇದ್ದವರು .308 ಕೊಳ್ಳಬಹುದಾ?

ಮಾಜಿ ಹವಾಲ್ದಾರ್ ಕುಷ್ಟಗಿ · 12:58

ಸಾಮಾನ್ಯ ಲೈಸೆನ್ಸಿಗೆ 7.62, ತ್ರೀ ನಾಟ್ ತ್ರೀ ಇವೆಲ್ಲ ನಿಷೇಧಿತ ಬೋರ್. ಸೈನ್ಯ, ಪೊಲೀಸರ ತೋಟಾ ಜನರ ಕೈಗೆ ಹೋಗಬಾರದು ಅನ್ನುವುದು ಬ್ರಿಟಿಷರ ಕಾಲದ ಲೆಕ್ಕ. ಅದಕ್ಕೇ ನಮ್ಮಲ್ಲಿ .315 ಬಂದದ್ದು. ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿ ಮಾಡುತ್ತಾರೆ. ಗುಂಡು ಭಾರ, ವೇಗ ಕಡಿಮೆ. 30-06 ಸ್ಪೋರ್ಟಿಂಗ್ ರೈಫಲ್ಲೂ ಅಲ್ಲಿಂದಲೇ ಬಂದಿದೆ. ಉಳಿದಂತೆ ಊರುಗಳಲ್ಲಿ ಇರುವುದೆಲ್ಲ ಮಾಮ ಅವರ ಅಪ್ಪನದ್ದರ ಹಾಗೆ ಹನ್ನೆರಡು ಬೋರು. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸುವುದು, ಮುಗಿದ ಮೇಲೆ ತರುವುದು.

ಮಾಮ ಅವರೇ, ಅಪ್ಪ ಹೇಗಿದ್ದಾರೆ? ಹೋದ ಚುನಾವಣೆಯಲ್ಲಿ ಬಂದೂಕು ಒಪ್ಪಿಸಿದ್ದರಾ?

ಆನೆಗೊಂದಿ ಮಾಮ · 1:20

ಅಪ್ಪ ತೀರಿಕೊಂಡು ಎರಡು ವರ್ಷ ಆಯಿತು ಸರ್. ಬಂದೂಕು ಅಟ್ಟದ ಮೇಲಿದೆ. ಗೋಣಿಚೀಲದಲ್ಲಿ ಸುತ್ತಿಟ್ಟಿದ್ದೇವೆ. ಯಾರೂ ಮುಟ್ಟಿಲ್ಲ.

ಬಳ್ಳಾರಿ ಕರಿಕೋಟು · 1:22

ಏನಂದಿರಿ?

ಬಳ್ಳಾರಿ ಕರಿಕೋಟು · 1:31

ಮಾಮ ಅವರೇ, ಊಟ ಬಿಟ್ಟು ಬರೆಯುತ್ತಿದ್ದೇನೆ. ಲೈಸೆನ್ಸ್ ಅಪ್ಪನ ಹೆಸರಿನದು. ಅವರು ಹೋದ ಮೇಲೆ ಆ ಬಂದೂಕು ಮನೆಯಲ್ಲಿ ಇರುವುದೇ ಅಕ್ರಮ. 1959ರ ಆಯುಧ ಕಾಯ್ದೆಯ 21ನೇ ಕಲಂ ನೋಡಿ. ಇಟ್ಟುಕೊಳ್ಳುವ ಹಕ್ಕು ಹೋದ ಕೂಡಲೇ ತಡಮಾಡದೆ ಠಾಣೆಯಲ್ಲಿ, ಇಲ್ಲವೇ ಲೈಸೆನ್ಸ್ ಇರುವ ಡೀಲರ್ ಹತ್ತಿರ ಠೇವಣಿ ಇಡಬೇಕು. ಗೋಣಿಚೀಲ ಅದರಲ್ಲಿ ಇಲ್ಲ.

ನೀವು ಸುಮ್ನೆ ಹೊತ್ತುಕೊಂಡು ರಸ್ತೆಗೆ ಇಳಿಯಬೇಡಿ. ಮೊದಲು ಠಾಣೆಗೆ ಹೋಗಿ ವಿಷಯ ತಿಳಿಸಿ, ಅವರು ಹೇಳಿದ ಹಾಗೆ ಒಪ್ಪಿಸಿ. ಅಪ್ಪನ ಮರಣ ಪ್ರಮಾಣಪತ್ರ, ಹಳೇ ಲೈಸೆನ್ಸ್ ಪುಸ್ತಕ ಕೈಯಲ್ಲಿರಲಿ. ಒಪ್ಪಿಸಿದ್ದಕ್ಕೆ ರಸೀದಿ ತಗೊಳ್ಳಿ. ಆ ಬಂದೂಕು ಬೇಕೇಬೇಕು ಅನಿಸಿದರೆ 2016ರ ನಿಯಮಗಳಲ್ಲಿ ವಾರಸುದಾರನಿಗೆ ಲೈಸೆನ್ಸ್ ಕೇಳುವ ದಾರಿ ಇದೆ. ಡಿಸಿ ಅವರಿಗೆ ಅರ್ಜಿ, ಬೇರೆ ವಾರಸುದಾರರ ಒಪ್ಪಿಗೆ ಪತ್ರ. ನಿಮ್ಮ ಅಕ್ಕನ ಸಹಿಯೂ ಬೇಕಾಗುತ್ತದೆ.

ಲಿಂಗಸುಗೂರು ಅಕ್ಕ · 1:35

ಊಟಕ್ಕೆ ಹೋಗುತ್ತಾನೆ ಅಂತ ಹೇಳಿದ ಅಕ್ಕನ ಸಹಿಯಾ? 😂

ಮಾನ್ವಿ ಎಕ್ಸ್‌ಪ್ರೆಸ್ · 1:38

ಅಳಿಯನ ಲೈಸೆನ್ಸ್ ಕೇಳಲು ಬಂದವರು, ತಮ್ಮದೇ ಇಲ್ಲ!

ಆನೆಗೊಂದಿ ಮಾಮ · 2:05

ಕೈಕಾಲು ತಣ್ಣಗಾಗಿದೆ. ನಾಳೆ ಬೆಳಗ್ಗೆಯೇ ಠಾಣೆಗೆ ಹೋಗುತ್ತೇನೆ.

ಆನೆಗೊಂದಿ ಮಾಮ · ಆರು ವಾರದ ನಂತರ, ಭಾನುವಾರ ಸಂಜೆ 7:15

ಎಲ್ಲರಿಗೂ ನಮಸ್ಕಾರ. ಬಾಕಿ ಇದ್ದ ಸುದ್ದಿ ಹೇಳುತ್ತೇನೆ.

ಅಳಿಯ ಕೋರ್ಸು ಮುಗಿಸಿ ಲೈಸೆನ್ಸ್ ತಗೊಂಡ. ಲೈಸೆನ್ಸ್ ಜೇಬಿನಲ್ಲಿಟ್ಟುಕೊಂಡೇ ನಿನ್ನೆ ರೇಂಜಿಗೆ ಹೋಗಿದ್ದ. ಗೆಳೆಯನ ತಂದೆ ಒಂದು .243, ಒಂದು .308 ತಂದಿದ್ದರಂತೆ. ಮೊದಲು .308. ಮೊದಲ ಎರಡು ಗುಂಡು ಚೆನ್ನಾಗಿ ಹೋದವು. ಮೂರನೆಯದರಿಂದ ಕೆಳಗೆ, ಎಡಕ್ಕೆ, ಎಲ್ಲೆಲ್ಲೋ. ಇವನು ಬಂದೂಕಿನ ತಪ್ಪು ಅಂದ. ಆ ಹಿರಿಯರು ಏನೂ ಮಾತಾಡಲಿಲ್ಲ. ಬಂದೂಕು ತಗೊಂಡು, ಬೆನ್ನು ತಿರುಗಿಸಿ ತೋಟಾ ತುಂಬಿ ಕೊಟ್ಟರು. ಇವನು ಗುರಿ ಹಿಡಿದು ಟ್ರಿಗರ್ ಒತ್ತಿದ. ಟಿಕ್ ಅಂತು, ಅಷ್ಟೇ. ಒಳಗೆ ಹಾಕಿದ್ದು ಖಾಲಿ ತೋಟಾ! ಸದ್ದೂ ಇಲ್ಲ, ಒದೆಯೂ ಇಲ್ಲ, ಆದರೂ ನಳಿಕೆ ನಾಲ್ಕು ಬೆರಳು ಕೆಳಗೆ ಬಗ್ಗಿತ್ತಂತೆ, ಕಣ್ಣೂ ಮುಚ್ಚಿತ್ತಂತೆ. ಗೆಳೆಯ ಅದನ್ನು ವಿಡಿಯೋ ಮಾಡಿದ್ದಾನೆ. ತೋರಣಗಲ್ ಸರ್ ಹೇಳಿದ್ದು ಅಕ್ಷರಶಃ ಅದೇ.

ಆಮೇಲೆ .243. ನೂರು ಗಜದಲ್ಲಿ ಐದು ಗುಂಡು ಅಂಗೈ ಅಗಲದಲ್ಲಿ. ಅದೇ ಗಟ್ಟಿ ಆಯಿತು, 100 ಗ್ರೇನ್ ಸಾಫ್ಟ್ ಪಾಯಿಂಟ್. ನೂರು ಗಜದಾಚೆ ಹಾರಿಸುವುದಿಲ್ಲ ಅಂತ ಹಿರಿಯರಿಗೆ ಮಾತು ಕೊಟ್ಟಿದ್ದಾನೆ. ಸೀಸನ್ ಶುರುವಾಗಲು ಇನ್ನೂ ಮೂರು ವಾರ ಇದೆ.

ಮಾಜಿ ಹವಾಲ್ದಾರ್ ಕುಷ್ಟಗಿ · 7:28

ಆ ಹಿರಿಯರಿಗೆ ನನ್ನ ಸೆಲ್ಯೂಟ್ ತಿಳಿಸಿ. ನಮ್ಮ ಉಸ್ತಾದರೂ ಇದೇ ಮಾಡುತ್ತಿದ್ದರು. ಕೂಡ ಒಂದು ಬೈಗುಳ ಇರುತ್ತಿತ್ತು.

ಮಾನ್ವಿ ಎಕ್ಸ್‌ಪ್ರೆಸ್ · 7:31

6.5 ಕೊಟ್ಟಿದ್ದರೆ ನಾಣ್ಯದ ಅಗಲದಲ್ಲಿ ಬೀಳುತ್ತಿದ್ದವು. ಹೇಳಿದ್ದೇನೆ ಅಷ್ಟೇ.

ಕುಕನೂರು ಹೊಲ · 7:40

ಸಂಡೂರು ಕಾಡು ಅವರು ನಿಜವಾಗಿಯೂ ಬಂದಿದ್ದರು. ಬೆಳಗ್ಗೆ ಐದಕ್ಕೆ! ಎರಡು ಗಂಟೆ ಮಣ್ಣಿನಲ್ಲಿ ಮಲಗಿ ಫೋಟೋ ತೆಗೆದರು. ಚಿಗರಿ ಆವತ್ತು ಮಾತ್ರ ಬರಲಿಲ್ಲ ಅಂತ ಬೇಜಾರು ಮಾಡಿಕೊಂಡರು. ನನಗೆ ಖುಷಿ. ಈಗ ಕಡಲೆ ಹಾಕಿದ್ದೇನೆ, ವಾರಕ್ಕೊಮ್ಮೆ ಬನ್ನಿ ಸ್ವಾಮಿ.

ಬಳ್ಳಾರಿ ಕರಿಕೋಟು · 7:52

ಅದೆಲ್ಲ ಇರಲಿ. ಅಟ್ಟದ ಬಂದೂಕು?

ಆನೆಗೊಂದಿ ಮಾಮ · 8:10

ಠಾಣೆಯಲ್ಲಿದೆ ಸರ್, ರಸೀದಿ ಇದೆ. ಇಷ್ಟು ದಿನ ಯಾಕೆ ತರಲಿಲ್ಲ ಅಂತ ಅರ್ಧ ದಿನ ಕೂರಿಸಿ ಬೈದರು, ಬೈಯಲಿ ಬಿಡಿ. ಗೋಣಿಚೀಲ ಬಿಚ್ಚಿದಾಗ ಬ್ಯಾರಲ್ ಒಳಗೆ ಕಣಜದ ಹುಳ ಮಣ್ಣಿನ ಗೂಡು ಕಟ್ಟಿತ್ತು. ಬಟ್ಟಿನ ಮೇಲೆ ಅಪ್ಪ ಚಾಕುವಿನಿಂದ ಕೆತ್ತಿದ್ದ ಅವರ ಹೆಸರಿನ ಮೊದಲಕ್ಷರ ಹಾಗೇ ಇದೆ. ಹಾಗಾಗಿ ಬಿಟ್ಟುಕೊಡಲು ಮನಸ್ಸಾಗಲಿಲ್ಲ, ವಾರಸುದಾರ ಅಂತ ಅರ್ಜಿ ಬರೆದಿದ್ದೇನೆ. ನಾಳೆ ಕೊಪ್ಪಳಕ್ಕೆ, ಡಿಸಿ ಆಫೀಸಿಗೆ.

ಅಕ್ಕ ಸಹಿ ಹಾಕಿದಳು. ಹಾಕುವಾಗ "ನಿನ್ನ ಅಳಿಯ ಊಟಕ್ಕೆ ಕಿತ್ತಳೆ ಕೋಟು ಯಾಕೆ ಕೊಂಡಿದ್ದಾನೆ?" ಅಂತ ಕೇಳಿದಳು. ಏನು ಹೇಳಲಿ? ಬೇಗ ಹೇಳಿ, ರಾತ್ರಿ ಮತ್ತೆ ಫೋನ್ ಮಾಡುತ್ತಾಳೆ.

ಲಿಂಗಸುಗೂರು ಅಕ್ಕ · 8:14

ಅಲ್ಲಿ ಚಳಿ ಜಾಸ್ತಿ ಅನ್ನಿ.